ಅಂಗೈಯಲ್ಲಿ ಕಂಡ ಬೆಳಕು

ನನ್ನ ಬಿ.ಪಿ. ಗುಳಿಗೆಯ ಡಬ್ಬಿ ದೇವರ ಗೂಡಿನಲ್ಲಿರುತ್ತದೆ. ಬಂದವರು ಅದನ್ನು ನೋಡಿ, “ಏನ್ರೀ ನೀಲಮ್ಮಾರೇ, ಗುಳಿಗೆಗೂ ಪೂಜೆ ಮಾಡ್ತೀರಾ?” ಎಂದು ಕೇಳುತ್ತಾರೆ. ಪೂಜೆ ಮುಗಿಸಿ ಎದ್ದ ಕೂಡಲೇ ನುಂಗಬೇಕು, ಮರೆಯಬಾರದು, ಅದಕ್ಕೆ ಅಲ್ಲಿಟ್ಟಿದ್ದೇನೆ ಎನ್ನುತ್ತೇನೆ. ಆದರೆ ಅದು ಅಲ್ಲಿರುವುದೇ ಸರಿ ಎಂದು ಒಳಗೊಳಗೇ ಅನ್ನಿಸುತ್ತದೆ. ನನ್ನ ಕಾಯಿಲೆ ಮೊದಲು ಮುಖ ತೋರಿಸಿದ್ದೇ ಪೂಜೆಯ ಮಣೆಯ ಮೇಲೆ.

ಈಗ ಮನೆಗೊಬ್ಬರಿಗೆ ಬಿ.ಪಿ. ಇದೆ. ಅದರ ಮಾತು ನೆಗಡಿಯ ಮಾತಿನಷ್ಟು ಸಲೀಸಾಗಿದೆ. ನನಗೆ ಬಂದ ಕಾಲ ಬೇರೆ. ಆಗಿನ್ನೂ ಕನ್ನಡದ ಸೀಮೆಗಳೆಲ್ಲ ಸೇರಿ ರಾಜ್ಯ ದೊಡ್ಡದಾದ ಹೊಸತು, ಪಕ್ಕದ ಹಾನಗಲ್ಲಿನವರೂ ಇನ್ನು ನಮ್ಮವರೇ ಎಂದು ಜನ ಸಂಭ್ರಮಪಡುತ್ತಿದ್ದ ದಿನಗಳು. ರಕ್ತಕ್ಕೆ ಒತ್ತಡ ಎಂಬುದೊಂದು ಇರುತ್ತದೆ, ಅದು ಏರುತ್ತದೆ, ಏರಿದರೆ ಮನುಷ್ಯನನ್ನು ಉರುಳಿಸುತ್ತದೆ ಎಂದು ಆನವಟ್ಟಿಯ ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹಾಗಾಗಿ ನನಗೆ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ಯಾರಾದರೂ ಒಬ್ಬರು ಇದನ್ನು ಓದಿ, ಅಯ್ಯೋ ನನಗೂ ಹೀಗೇ ಆಗುತ್ತಿದೆಯಲ್ಲ ಎಂದು ಎದ್ದು ಹೊರಟರೆ ಸಾಕು. ಭಕ್ತಿಯವರು ಸಿಟ್ಟಾಗಬೇಡಿ. ನಾನೂ ಭಕ್ತಿಯವಳೇ.

ಪೇಟೆ ಬೀದಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಲ್ಲೊಂದು ಎಮ್ಮೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಶಾಲೆಗೆ ಹೋಗುವ ಮಗಳು ಗಿರಿಜೆ, ಮತ್ತೆ ಅತ್ತೆ ಹಾಲಮ್ಮ. ಅತ್ತೆಯ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಕೆಟ್ಟವರಲ್ಲ. ಆದರೆ ಹೊಗಳುವುದು ಎಂಬುದು ಅವರ ಬಾಯಿಗೆ ಬಾರದ ವಿದ್ಯೆ. ನಾನು ಆ ಮನೆಗೆ ಬಂದಾಗಿನಿಂದ ನನ್ನ ಸಾರು ಒಂದು ದಿನ ನೀರು, ಇನ್ನೊಂದು ದಿನ ಗಟ್ಟಿ. ನನ್ನ ರೊಟ್ಟಿ ಒಂದು ದಿನ ಹಸಿ, ಇನ್ನೊಂದು ದಿನ ಸೀದದ್ದು. ನಾನೂ ಸುಮ್ಮನಿರುವ ಪೈಕಿ ಅಲ್ಲ. “ಹಂಗಾದ್ರೆ ನಾಳೆಯಿಂದ ನೀವೇ ಬಡೀರಿ” ಎಂದು ರೊಟ್ಟಿಯ ಹಲಗೆಯನ್ನು ಅವರ ಕಡೆ ನೂಕುತ್ತಿದ್ದೆ. ಯಜಮಾನರು ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಾ ಕಿವಿ ಕೇಳದವರಂತೆ ಇರುತ್ತಿದ್ದರು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನನಗೆ ತಲೆನೋವು ಶುರುವಾಯಿತು. ಬೆಳಗ್ಗೆ ಏಳುವಾಗಲೇ ಹಿಂದಲೆಯಲ್ಲಿ ಯಾರೋ ಒನಕೆಯಿಂದ ಕುಟ್ಟುತ್ತಿರುವ ಹಾಗೆ. ಹೊತ್ತೇರಿದಂತೆ ಸ್ವಲ್ಪ ಇಳಿಯುತ್ತಿತ್ತು, ಮಾರನೆಯ ಬೆಳಗ್ಗೆ ಮತ್ತೆ ಹಾಜರು. ಒಂದೆರಡು ಸಲ ಮೂಗಿನಿಂದ ರಕ್ತವೂ ಬಂತು. ಉಷ್ಣ ಎಂದರು ಅತ್ತೆ. ನೆತ್ತಿಗೆ ಹರಳೆಣ್ಣೆ ತಟ್ಟಿ, ಉಪ್ಪು ಹಾಕಿದ ಮಜ್ಜಿಗೆಯನ್ನು ಚೊಂಬುಗಟ್ಟಲೆ ಕುಡಿಸಿದರು. ನನಗೋ ಉಪ್ಪೆಂದರೆ ಪ್ರಾಣ. ಮಜ್ಜಿಗೆಯ ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿಯನ್ನೂ ಚಪ್ಪರಿಸುತ್ತಿದ್ದೆ. ವೈರಿಗೆ ನಾವೇ ಮಣೆ ಹಾಕಿ ಬಡಿಸುತ್ತಿದ್ದೇವೆ ಎಂದು ಆಗ ಯಾರಿಗೆ ಗೊತ್ತು?

ನಮ್ಮಲ್ಲಿ ಹೆಂಗಸು ಗಂಡಸು ಎನ್ನದೆ ಎಲ್ಲರ ಕೊರಳಲ್ಲೂ ಇಷ್ಟಲಿಂಗ ಇರುತ್ತದೆ. ಬೆಳಗ್ಗೆ ಮಿಂದು, ಅದನ್ನು ಎಡಗೈಯ ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ಏನೂ ಹಾಕುವಂತಿಲ್ಲ. ನೀರು, ವಿಭೂತಿ, ಒಂದು ಹೂವು, ಒಂದು ಪತ್ರೆ. ಆಮೇಲೆ ರೆಪ್ಪೆ ಬಡಿಯದೆ ಆ ಕರಿಯ ಲಿಂಗವನ್ನೇ ದಿಟ್ಟಿಸುತ್ತಾ ಕೂರುವುದು. ನಾನು ನಿಷ್ಠೆಯಿಂದ ಕೂರುತ್ತಿದ್ದೆನಾದರೂ ಅರ್ಧ ಮನಸ್ಸು ಒಲೆಯ ಮೇಲಿನ ಹಾಲಿನ ಹತ್ತಿರ ಇರುತ್ತಿತ್ತು. ಅದು ಎಲ್ಲ ಹೆಂಗಸರ ಪಾಡು.

ಆವತ್ತು ಬೆಳಗ್ಗೆ ಹಾಗೆಯೇ ದಿಟ್ಟಿಸುತ್ತಿದ್ದೆ. ಲಿಂಗದ ಅಂಚಿನಲ್ಲಿ ಒಂದು ಸಣ್ಣ ಹೊಳಪು ಎದ್ದಿತು. ದೀಪದ ಪ್ರತಿಬಿಂಬ ಇರಬೇಕು ಎಂದುಕೊಂಡೆ. ಆದರೆ ಅದು ನಡುಗಿತು, ಬೆಳೆಯಿತು, ಗಾಜಿನ ಬಳೆಚೂರುಗಳನ್ನು ಬಿಸಿಲಿಗೆ ಹಿಡಿದಂತೆ ಅಂಕುಡೊಂಕಾಗಿ ಮಿನುಗುತ್ತಾ ಲಿಂಗದ ಸುತ್ತ ತಿರುಗತೊಡಗಿತು. ನೋಡನೋಡುತ್ತಿದ್ದಂತೆ ಲಿಂಗವೇ ಕಾಣದಾಯಿತು. ಅಂಗೈಯಲ್ಲಿ ಭಾರ ಇದೆ, ಕಣ್ಣಿಗೆ ಬರೀ ಬೆಳಕು. ನನ್ನ ಮೈಯ ರೋಮವೆಲ್ಲ ನಿಂತಿತು. ಅಳು ಉಕ್ಕಿ ಬಂತು. ಅಂಥ ಚೆಂದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

“ಅತ್ತೇ!” ಎಂದು ಕೂಗಿದೆ.

ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದರು. “ಏನೇ? ಹಾವೇನೇ?”

“ಲಿಂಗ ಕಾಣ್ತಿಲ್ಲ ಅತ್ತೆ. ಬೆಳಕು. ಅಂಗೈ ತುಂಬ ಬೆಳಕು.”

ಅವರು ಬಗ್ಗಿ ನನ್ನ ಅಂಗೈ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನನ್ನ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಮರುಗಳಿಗೆ ಆ ನಮ್ಮ ಅತ್ತೆ ಹಾಲಮ್ಮ, ನನ್ನ ಸಾರಿಗೆ ಒಂದು ದಿನವೂ ಒಳ್ಳೆಯ ಮಾತಾಡದ ಹಾಲಮ್ಮ, ನೆಲಕ್ಕೆ ಮೊಣಕಾಲೂರಿ ನನ್ನ ಪಾದಕ್ಕೆ ಹಣೆ ಹಚ್ಚಿದರು. ಪಾದದ ಮೇಲೆ ಹಿಟ್ಟಿನ ಬೆರಳುಗಳ ಒದ್ದೆ ತಾಗಿದ್ದು ಇವತ್ತಿಗೂ ನೆನಪಿದೆ. ನಾಚಿಕೆಯಿಂದ ಕಾಲು ಎಳೆದುಕೊಂಡೆ.

“ಐವತ್ತು ವರ್ಷ ಪೂಜೆ ಮಾಡೀನಿ, ನನಗೆ ಕಾಣ್ಲಿಲ್ಲ. ನಿನಗೆ ಕಾಣ್ತಲ್ಲೇ ನನ್ನವ್ವಾ” ಎಂದು ಅತ್ತರು.

ಇನ್ನೇನು ಕೇಳುತ್ತೀರಿ? ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಯಿತು. ಮಾರನೆಯ ದಿನ ಸಂತೆಗೆ ಬಂದ ಹಳ್ಳಿಯ ಹೆಂಗಸರು ಬಟ್ಟೆ ಅಂಗಡಿಗೆ ಬರುವ ಬದಲು ಹಿಂದಿನ ಬಾಗಿಲಿಗೆ ಬಂದರು. ಕಾಯಿ, ಬಾಳೆಹಣ್ಣು, ಊದಿನಕಡ್ಡಿ. ಅತ್ತೆ ನನ್ನನ್ನು ಕಂಬಳಿ ಹಾಸಿ ಗೋಡೆಗೊರಗಿಸಿ ಕೂರಿಸಿದ್ದರು. ಪಕ್ಕದ ಮನೆಯ ಕೊಟ್ರಮ್ಮ ಬಾಗಿಲಲ್ಲಿ ನಿಂತು, “ಒಬ್ಬೊಬ್ರೇ ಬರ್ರೀ, ತೇಜಸ್ಸು ತಡೀಬೇಕಲ್ಲ” ಎಂದು ಜನರನ್ನು ಬಿಡುತ್ತಿದ್ದಳು. ಇದೇ ಕೊಟ್ರಮ್ಮ ಹೋದ ವಾರ ನಮ್ಮ ಎಮ್ಮೆ ಅವಳ ಹಿತ್ತಲಿಗೆ ನುಗ್ಗಿತೆಂದು ನನ್ನ ಏಳು ತಲೆಮಾರನ್ನು ಜಾಲಾಡಿದ್ದಳು.

ನಗು ಬರುತ್ತದೆ ಈಗ. ಆಗ ಬರಲಿಲ್ಲ. ಆಗ ನಾನು ನಂಬಿದ್ದೆ, ಪೂರ್ತಿ ನಂಬಿದ್ದೆ. ಯಾಕೆ ನಂಬಬಾರದು? ಕಣ್ಣಾರೆ ಕಂಡಿದ್ದೆ. ಮತ್ತೆ ಮತ್ತೆ ಕಾಣುತ್ತಲೂ ಇತ್ತು. ಶಿವನು ಈ ಒರಟು ಬಾಯಿಯವಳನ್ನು, ಪೂಜೆಯಲ್ಲಿ ಹಾಲಿನ ಯೋಚನೆ ಮಾಡುವವಳನ್ನು ಯಾಕೆ ಹುಡುಕಿಕೊಂಡು ಬಂದ ಎಂದು ಬೆರಗಾಗಿ ಕೂತಿರುತ್ತಿದ್ದೆ.

ತಲೆನೋವು ಮಾತ್ರ ಇಳಿಯಲಿಲ್ಲ. ವಾಂತಿ ಶುರುವಾಯಿತು. ಅತ್ತೆಯ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು. “ಮಣ್ಣಿನ ಗಡಿಗಿಗೆ ಕೆಂಡ ಹಾಕಿದ್ರೆ ಗಡಿಗಿ ಕಾಯಲ್ವಾ? ನಿನ್ನ ದೇಹಾನೂ ಹಂಗೇ. ತಡ್ಕೊಳ್ಳವ್ವ.” ಅವರು ಈಗ ನನಗೆ ಅವ್ವ ಎನ್ನುತ್ತಿದ್ದರು. ಅದಕ್ಕೇ ನನಗೆ ಹೆಚ್ಚು ಗಾಬರಿಯಾಗುತ್ತಿತ್ತು ಎಂದರೂ ತಪ್ಪಿಲ್ಲ.

ಒಂದು ಸಂಜೆ ಕೊಟ್ಟಿಗೆಗೆ ಹೋದೆ. ಎಮ್ಮೆಯ ಬೆನ್ನಿನ ಮೇಲೂ ಅದೇ ಬೆಳಕು ಕುಣಿಯುತ್ತಿತ್ತು. ಅದೇ ಬಳೆಚೂರು, ಅದೇ ಅಂಕುಡೊಂಕು. ಕಣ್ಣು ಉಜ್ಜಿಕೊಂಡೆ. ಸಗಣಿಯ ಗುಂಡಿಯ ಮೇಲೂ ಇತ್ತು. ಒಳಗೆ ಬಂದು ಅತ್ತೆಗೆ ಹೇಳಿದೆ: “ಅತ್ತೆ, ಲಿಂಗದಾಗೆ ಕಂಡಿದ್ದು ಎಮ್ಮೆ ಮೇಲೂ ಕಾಣ್ತೈತೆ.”

ಅತ್ತೆ ರವಷ್ಟೂ ಅಳುಕಲಿಲ್ಲ. “ಮತ್ತೆ? ಎಮ್ಮೇಲಿ ಶಿವ ಇಲ್ಲ ಅಂತ ನಿನಗೆ ಹೇಳಿದ್ಯಾರು?”

ಚೊಂಬು ಎತ್ತಿಕೊಂಡು ಹಾಲು ಕರೆಯಲು ಹೋದೆ.

ಯಜಮಾನರು ಕಡಿಮೆ ಮಾತಿನ ಮನುಷ್ಯ. ನನ್ನ ಕಣ್ಣ ಕೆಳಗಿನ ಬಾವು ನೋಡುತ್ತಿದ್ದರು, ನಾನು ತಡವರಿಸಿ ಲೋಟ ಹಿಡಿಯುವುದನ್ನು ನೋಡುತ್ತಿದ್ದರು. “ಶಿಕಾರಿಪುರದಲ್ಲಿ ಡಾಕ್ಟರಿಗೆ ಒಂದ್ಸಲ ತೋರ್ಸಾಣೇನವ್ವ?” ಎಂದು ತಾಯಿಯನ್ನು ಕೇಳಿದರು.

“ದೇವರು ಬಂದ ಮನೀಗೆ ಡಾಕ್ಟರು ಯಾಕೋ? ಊರವರು ಏನಂತಾರೆ?”

“ಹಂಗಾದ್ರೆ ಮಠದಯ್ಯನೋರನ್ನಾದ್ರೂ ಕರ್ಸಾಣ. ಅವರೂ ನೋಡ್ಲಿ” ಎಂದರು ಯಜಮಾನರು. ಅತ್ತೆಗೆ ಇದು ಬಹಳ ಹಿಡಿಸಿತು. ಅಯ್ಯನವರೇ ಬಂದು ಹೌದೆಂದರೆ ಇನ್ನು ಯಾರು ಅಲ್ಲಗಳೆಯುತ್ತಾರೆ?

ಅಯ್ಯನವರು ನಮ್ಮ ಮನೆಯ ಗುರುಗಳು. ನನ್ನ ಮದುವೆಯಲ್ಲಿ ಅಕ್ಷತೆ ಹಾಕಿದವರು, ಗಿರಿಜೆಗೆ ಲಿಂಗ ಕಟ್ಟಿದವರು. ಮನೆಗೆ ಬಂದರೆ ಮೊದಲು ಅವರ ಪಾದ ತೊಳೆದು ಪೂಜೆ ಮಾಡುವುದು ಪದ್ಧತಿ. ಆವತ್ತು ಪಡಸಾಲೆಯಲ್ಲಿ ಜನ ತುಂಬಿದ್ದರು. ಅಯ್ಯನವರು ಮಣೆಯ ಮೇಲೆ ಕೂತು ಹಿತ್ತಾಳೆಯ ತಟ್ಟೆಯಲ್ಲಿ ಪಾದವಿಟ್ಟರು. ನಾನು ಎದುರಿಗೆ ಕೂತು ತಂಬಿಗೆಯಿಂದ ನೀರು ಹಾಕಿದೆ.

ನೀರು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ತಟ್ಟೆಯ ಸದ್ದಲ್ಲ. ನಾನು ಇನ್ನೊಂದಿಷ್ಟು ಹಾಕಿದೆ. ಮತ್ತೆ ನೆಲ. ಅಯ್ಯನವರು ನಿಧಾನವಾಗಿ ಪಾದಗಳನ್ನು ತಟ್ಟೆಯಿಂದ ತೆಗೆದು ಮಣೆಯ ಕೆಳಗೆ ಎಳೆದುಕೊಂಡರಂತೆ. ಇದನ್ನು ಆಮೇಲೆ ಯಜಮಾನರು ಹೇಳಿದ್ದು. ನನಗೆ ತಿಳಿಯಲಿಲ್ಲ. ನಾನು ಭಕ್ತಿಯಿಂದ ನೀರು ಹಾಕುತ್ತಲೇ ಇದ್ದೆ, ಇಲ್ಲದ ಪಾದಕ್ಕೆ.

“ತಾಯೀ, ಸಾಕು” ಎಂದರು ಅಯ್ಯನವರು. “ನನ್ನ ಪಾದ ಎಲ್ಲೈತೆ ತೋರಿಸು.”

ನಾನು ಕೈ ಚಾಚಿದೆ. ಒದ್ದೆ ತಟ್ಟೆಯ ಅಂಚು ಸಿಕ್ಕಿತು. ಅಷ್ಟೆ.

“ನನ್ನ ಮುಖ ಕಾಣ್ತದಾ?”

“ನಡುವೆ ಬೆಳಕು ಐತೆ ಅಯ್ಯನೋರೇ. ಸುತ್ತ ಮಬ್ಬು. ಕಿವಿ ಕಾಣ್ತದೆ.”

ಕೊಟ್ರಮ್ಮ ಹಿಂದಿನಿಂದ “ಶಿವಶಿವಾ” ಎಂದಳು. ಅಯ್ಯನವರು ಅವಳ ಕಡೆ ತಿರುಗಿ, “ನೀ ಸ್ವಲ್ಪ ಸುಮ್ನಿರವ್ವ” ಎಂದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು:

“ನಾನು ಹುಡುಗಾಗಿದ್ದಾಗಿಂದ ಲಿಂಗ ನೋಡ್ತಾ ಬಂದೀನಿ. ನನಗೆ ಒಂದು ದಿನಾನೂ ಬೆಳಕು ಕಂಡಿಲ್ಲ ತಾಯಿ. ಇದನ್ನ ಹೇಳಾಕೆ ನನಗೆ ನಾಚಿಕಿ ಇಲ್ಲ. ನಿನಗೆ ಕಂಡಿದ್ರೆ ನಿನ್ನ ಪುಣ್ಯ ಅಂತಿದ್ದೆ. ಆದ್ರೆ ಬೆಳಕು ಬಂದ ಮೇಲೆ ಹೆಚ್ಚು ಕಾಣ್ಬೇಕು, ಕಡಿಮಿ ಅಲ್ಲ. ನಿನಗೆ ಎದುರಿಗಿರೋ ಕಾಲೇ ಕಾಣ್ತಿಲ್ಲ. ಈಗಿಂದೀಗ್ಲೇ ಶಿಕಾರಿಪುರದ ಆಸ್ಪತ್ರಿಗೆ ಹೋಗ್ರಿ.”

ಅತ್ತೆಯ ದನಿ ಒಡೆದಿತ್ತು. “ಹಂಗಾದ್ರೆ ಅದು ಸುಳ್ಳಾ ಅಯ್ಯನೋರೇ?”

“ಆಕಿ ಕಂಡಿದ್ದು ಸುಳ್ಳಲ್ಲ ಹಾಲಮ್ಮ. ಅದು ಏನು ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿದ್ದೋರ ಹತ್ರ ಹೋಗ್ರಿ.”

ಹೌದೆಂದು ತಲೆಯಾಡಿಸಿದ್ದರೆ ಊರೇ ಅವರಿಗೆ ಜೈಕಾರ ಹಾಕುತ್ತಿತ್ತು. ನಾನು ಬದುಕಿರುತ್ತಿರಲಿಲ್ಲ. ತಮಗೇ ಕಂಡಿಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿದ ಆ ಗುರುವನ್ನು ನೆನೆದು ಇವತ್ತಿಗೂ ಕೈ ಮುಗಿಯುತ್ತೇನೆ.

ಬಸ್ಸು ಪೇಟೆಯಿಂದ ಹೊರಟಾಗ ಬಿಸಿಲು ಇಳಿಮುಖವಾಗಿತ್ತು. ಯಜಮಾನರು ಡ್ರೈವರನನ್ನು ಕೇಳಿ ಮುಂದಿನ ಸೀಟು ಹಿಡಿದಿದ್ದರು. ಒಂದು ಕಡೆ ಅವರು, ಇನ್ನೊಂದು ಕಡೆ ಅತ್ತೆ, ನಡುವೆ ನಾನು. ಒಂದೊಂದು ಗುಂಡಿಗೂ ತಲೆಯೊಳಗೆ ಸಿಡಿಲು. ಅತ್ತೆ ಸೆರಗಿನ ಗಂಟಿನಲ್ಲಿ ವಿಭೂತಿ ಇಟ್ಟುಕೊಂಡು ನನ್ನ ಹಣೆಗೆ ಹಚ್ಚುತ್ತಲೇ ಇದ್ದರು. ನನ್ನ ತವರು ತಾಳಗುಂದ. ತಾಳಗುಂದದ ದಾರಿ ಕವಲೊಡೆಯುವಲ್ಲಿ ಬಸ್ಸು ನಿಂತಿತು, ಯಾರೋ ಇಳಿದರು. ನನ್ನ ಊರಿನ ಗದ್ದೆಗಳು ಇರಬೇಕಾದ ಕಡೆಗೆ ಕತ್ತು ತಿರುಗಿಸಿದೆ. ಒಂದು ಬೂದುಬಣ್ಣದ ಗೋಡೆ, ಅದರ ಮೇಲೆ ಆ ಹಾಳು ಮಿನುಗು. ಉತ್ತ ಮಣ್ಣಿನ ವಾಸನೆ ಮಾತ್ರ ಬಂತು.

ಆಗ ಹೆದರಿದೆ ನೋಡಿ. ಅಲ್ಲಿಯತನಕ ಬೆರಗಿನಲ್ಲಿ ಹೆದರಿಕೆ ಮುಚ್ಚಿಹೋಗಿತ್ತು. ಕಣ್ಣು ಹೋಯಿತು ಅನ್ನಿಸಿತು. ಗಿರಿಜೆಗೆ ನಾಳೆ ಜಡೆ ಹಾಕುವವರು ಯಾರು, ಅವಳ ಮುಖ ನೋಡದೆ ಸಾಯುತ್ತೇನಲ್ಲ ಎಂದು ಜೋರಾಗಿ ಅಳತೊಡಗಿದೆ. “ಸಾಯ್ತೀನಿ ಅತ್ತೆ” ಎಂದೆ. “ಬಾಯ್ಮುಚ್ಚೇ” ಎಂದರು ಅತ್ತೆ, ಹಳೆಯ ದನಿಯಲ್ಲಿ. ಆ ಬೈಗುಳ ಕಿವಿಗೆ ಬಿದ್ದು ಒಂಚೂರು ಧೈರ್ಯ ಬಂತು.

ಆಸ್ಪತ್ರೆಯ ಜಗಲಿಯ ಮೇಲೆ ಉದ್ದನೆಯ ಬೆಂಚು. ಅದರ ತುಂಬ ಜನ, ಅವರ ಮೈಯ ಹೊಗೆಸೊಪ್ಪಿನ ವಾಸನೆ, ಯಾವುದೋ ಕೂಸಿನ ಅಳು. ಯಜಮಾನರು ಸರತಿಯಲ್ಲಿ ನಿಂತರು. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬಳು, ಮುಖ ಕಾಣಲಿಲ್ಲ, ನನ್ನ ಕೈ ಹಿಡಿದು, “ನೀ ಮೊದ್ಲು ಹೋಗವ್ವ, ನಂದು ಬರೀ ಮಂಡಿನೋವು” ಎಂದಳು. ಅವಳು ಅಂದಿದ್ದೇ ತಡ, ಮುಂದಿದ್ದವರೂ ಜಾಗ ಬಿಟ್ಟರು. ಆ ಮುದುಕಿ ಯಾರೋ, ಯಾವ ಊರಿನವಳೋ. ಅವಳ ಮಂಡಿ ವಾಸಿಯಾಗಿರಲಿ.

ಡಾಕ್ಟರು ಮೈಸೂರಿನ ಕಡೆಯವರು, ಚಿಕ್ಕ ವಯಸ್ಸು, ದನಿಯಲ್ಲಿ ಸಿಡುಕು. ನನ್ನ ತೋಳಿಗೆ ಒಂದು ಬಟ್ಟೆಯ ಪಟ್ಟಿ ಸುತ್ತಿ ಬುಸ್ ಬುಸ್ ಎಂದು ಗಾಳಿ ಹಾಕಿದರು. ಪಟ್ಟಿ ತೋಳನ್ನು ಹಿಸುಕಿತು. ಪೆಟ್ಟಿಗೆಯಲ್ಲಿ ಪಾದರಸದ ಗೆರೆ ಇತ್ತಂತೆ, ಅದು ಏರುತ್ತಾ ಏರುತ್ತಾ ಹೋಗಿ ಮೇಲಿನ ತುದಿಯ ಹತ್ತಿರ ನಿಂತಿತಂತೆ. ಡಾಕ್ಟರು ಪಟ್ಟಿಯನ್ನು ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದರು. ಮತ್ತೆ ಬುಸ್ ಬುಸ್. ಹೊರಗಿನ ಕೂಸು ಕೂಡ ಆಗಲೇ ಅಳು ನಿಲ್ಲಿಸಬೇಕೇ?

“ಇವರು ನಡ್ಕೊಂಡು ಬಂದ್ರಾ?” ಎಂದು ಯಜಮಾನರನ್ನು ಕೇಳಿದರು.

“ಬಸ್ಸಲ್ಲಿ ಬಂದ್ವಿ ಸ್ವಾಮಿ.”

“ಅದಲ್ಲ ರೀ. ಈ ಪ್ರೆಷರ್ ಇಟ್ಕೊಂಡು ಇವರು ಹೇಗೆ ಕೂತಿದ್ದಾರೆ ಅಂತ.” ಆಮೇಲೆ ನನಗೆ, ದನಿ ತಗ್ಗಿಸಿ: “ಅಮ್ಮಾ, ಮಾತಾಡ್ಬೇಡಿ, ಅಲ್ಲಾಡ್ಬೇಡಿ. ಸುಮ್ನೆ ಮಲಗಿ.” ಸಿಡುಕಿನ ದನಿ ಮೆತ್ತಗಾದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಒಂದು ಸಣ್ಣ ದೀಪದ ಉಪಕರಣ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನನ್ನ ಕಣ್ಣೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. “ಏನ್ ಕಾಣ್ತದ್ರಿ ಅಲ್ಲಿ?” ಎಂದು ಅತ್ತೆ ಕೇಳಿಯೇಬಿಟ್ಟರು. “ರಕ್ತ ಒಸರಿದೆ ಅಜ್ಜಿ. ಕಣ್ಣಿನ ಹಿಂದುಗಡೆ, ಅಲ್ಲಲ್ಲಿ. ಒತ್ತಡ ತಡೀಲಾರ್ದೆ” ಎಂದರು. ಅತ್ತೆ ಅಲ್ಲೇ ಗೋಡೆ ಹಿಡಿದು ಕುಸಿದು ಕೂತರು. ತಾವು ಕೈ ಮುಗಿದದ್ದು ಯಾವುದಕ್ಕೆ ಎಂದು ಅವರಿಗೆ ಆಗ ತಿಳಿದಿರಬೇಕು.

ಆಮೇಲಿನದ್ದು ನನಗೆ ತುಂಡು ತುಂಡು. ಸೊಂಟಕ್ಕೆ ಕೊಟ್ಟ ಇಂಜೆಕ್ಷನ್ನಿನ ಉರಿ ನೆನಪಿದೆ. ಮೈ ಸೆಟೆದು, ಕೈಕಾಲು ಬಡಿದುಕೊಂಡು, ಬಾಯಲ್ಲಿ ನೊರೆ ಬಂದದ್ದು ನೆನಪಿಲ್ಲ. ಅದನ್ನು ನೋಡಿದ ಯಜಮಾನರು ಅದರ ಬಗ್ಗೆ ಒಂದೇ ಒಂದು ಸಲ ಮಾತಾಡಿದರು, ಮತ್ತೆ ಮಾತಾಡಲಿಲ್ಲ. ಕೊರಳಲ್ಲಿ ಏನೂ ಇರಬಾರದು, ಮತ್ತೆ ಫಿಟ್ಸ್ ಬಂದರೆ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರಂತೆ. ನರ್ಸಮ್ಮ ನನ್ನ ಲಿಂಗದ ದಾರಕ್ಕೆ ಕೈ ಹಾಕಿದಾಗ ಅತ್ತೆ ಹುಲಿಯ ಹಾಗೆ ಎದ್ದರಂತೆ.

“ಅದು ಮೈಮೇಲಿಂದ ಇಳಿಯಂಗಿಲ್ಲ! ಜೀವ ಹೋದ್ರೂ ಇಳಿಯಂಗಿಲ್ಲ!”

ನರ್ಸಮ್ಮ ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಹೆಣ್ಣುಮಗಳು. ಜಗಳವಾಡಲಿಲ್ಲ. “ಮೈಮೇಲೇ ಇರ್ಲಿ ಅಮ್ಮ, ಕೊರಳಿಂದ ಮಾತ್ರ ಬೇಡ” ಎಂದು ದಾರವನ್ನು ತೆಗೆದು, ಲಿಂಗದ ಬಟ್ಟೆಯನ್ನು ನನ್ನ ಬಲ ರಟ್ಟೆಗೆ ಗಾಯದ ಪಟ್ಟಿ ಕಟ್ಟುವಷ್ಟು ಜೋಪಾನವಾಗಿ ಕಟ್ಟಿದಳು. ಪ್ರೆಷರ್ ನೋಡುವ ಪಟ್ಟಿ ಎಡ ತೋಳಿಗೆ, ಲಿಂಗ ಬಲ ತೋಳಿಗೆ. ಹಾಗೆ ಎರಡೂ ಕಡೆ ಕಟ್ಟಿಸಿಕೊಂಡು ನಾನು ಆ ಕತ್ತಲೆ ಕೋಣೆಯಲ್ಲಿ ಬಿದ್ದಿದ್ದೆ.

ಕಿಟಕಿಗೆ ಕಂಬಳಿ ಕಟ್ಟಿದ್ದರು. ಬೆಳಕು ಬೇಡ, ಸದ್ದು ಬೇಡ, ಉಪ್ಪು ಬೇಡ. ಬೇರಿನಿಂದ ಮಾಡಿದ ಗುಳಿಗೆ ಕೊಡುತ್ತಿದ್ದರು. ಯಾವ ಬೇರು ಎಂದು ಅತ್ತೆ ಬಿಡದೆ ಕೇಳಿದ್ದಕ್ಕೆ ಡಾಕ್ಟರು, “ಸರ್ಪಗಂಧಿ ಅಜ್ಜಿ, ನಿಮ್ಮ ಸೊರಬದ ಕಾಡಲ್ಲೇ ಬೆಳೆಯತ್ತೆ” ಎಂದರು. ನಮ್ಮ ಕಾಲ ಕೆಳಗೆ ಬೆಳೆಯುವ ಬೇರು ಎಲ್ಲೆಲ್ಲೋ ಸುತ್ತಿ, ಬಿಳಿಯ ಗುಳಿಗೆಯಾಗಿ, ಸೀಸೆಯಲ್ಲಿ ಕೂತು ನನ್ನನ್ನು ಹುಡುಕಿಕೊಂಡು ವಾಪಸು ಬಂದಿದೆಯಲ್ಲ ಎಂದು ಮಲಗಿದಲ್ಲೇ ಆಶ್ಚರ್ಯಪಟ್ಟೆ. ಆಗ ಆಶ್ಚರ್ಯಪಡುವುದು ಬಿಟ್ಟು ನನಗೆ ಬೇರೆ ಕೆಲಸವಿರಲಿಲ್ಲ. ಎದೆ ಹೊಡೆದುಕೊಳ್ಳುವುದನ್ನು ಕಿವಿಯಲ್ಲಿ ಕೇಳುತ್ತಿದ್ದೆ. ಇಷ್ಟು ವರ್ಷ ನಾನು ರೊಟ್ಟಿ ಬಡಿಯುವಾಗ, ಜಗಳವಾಡುವಾಗ, ನಿದ್ದೆ ಮಾಡುವಾಗ ಇದು ಹೀಗೆ ಹೇಳದೆ ಕೇಳದೆ ದುಡಿಯುತ್ತಿತ್ತೇ ಎಂದುಕೊಳ್ಳುತ್ತಿದ್ದೆ. ಯಾರೂ ಒಮ್ಮೆಯೂ ಸಾಕು ಕೂತ್ಕೋ ಎಂದಿರಲಿಲ್ಲ ಅದಕ್ಕೆ.

ಕಣ್ಣು ಬರುತ್ತದೆಯೇ ಎಂದು ಯಜಮಾನರು ಕೇಳಿದಾಗ ಡಾಕ್ಟರು ಸುಳ್ಳು ಹೇಳಲಿಲ್ಲ. “ಒತ್ತಡ ಇಳೀತಾ ಇದೆ. ಜೀವಕ್ಕೆ ಬಂದಿದ್ದು ತಪ್ಪಿದೆ ಅನ್ಸತ್ತೆ. ಕಣ್ಣಿನ ವಿಷಯ ನಾನು ಮಾತು ಕೊಡಲ್ಲ. ಕಾದು ನೋಡೋಣ.” ಗೋಡೆಯ ಆಚೆ ಹೇಳಿದರೂ ನನಗೆ ಕೇಳಿಸಿತು. ಕತ್ತಲೆಯಲ್ಲಿ ಮಲಗಿದವರ ಕಿವಿ ಬಹಳ ಚುರುಕು.

ಉಪ್ಪಿಲ್ಲದ ಅನ್ನ ತಿಂದಿದ್ದೀರಾ? ಬಾಯಲ್ಲಿ ಹತ್ತಿ ತುಂಬಿದ ಹಾಗೆ. ಮೊದಲ ದಿನ ಉಗಿದೆ. “ಇದನ್ನ ಎಮ್ಮೀನೂ ತಿನ್ನಲ್ಲ” ಎಂದೆ. ಮಾರನೆಯ ದಿನ ನನ್ನ ತಟ್ಟೆಯ ಪಕ್ಕ ಇನ್ನೊಂದು ತಟ್ಟೆಯ ಸದ್ದು ಕೇಳಿಸಿತು.

“ಅದೇನತ್ತೆ?”

“ನನ್ನ ಊಟ. ಸಪ್ಪೇನೇ. ತಿನ್ನು ಸುಮ್ನೆ.”

“ನಿಮಗ್ಯಾಕೆ? ನಿಮಗೇನಾಗೈತೆ?”

ಅತ್ತೆ ಬಹಳ ಹೊತ್ತು ಅಗಿದರು. ಆಮೇಲೆ, “ಉಪ್ಪಿನ ಮಜ್ಜಿಗಿ ಕುಡ್ಸಿದ್ದು ನಾನೇ ಅಲ್ವೇನೇ” ಎಂದರು. ನಾನು ಕತ್ತಲೆಯಲ್ಲಿ ತಡಕಾಡಿ ಅವರ ಕೈ ಹಿಡಿದುಕೊಂಡೆ. ನನಗೆ ಅವರ ಮೇಲೆ ಕೋಪವಿರಲಿಲ್ಲ, ಅದನ್ನು ಹೇಳಬೇಕಿತ್ತು. ಆದರೆ ನನ್ನ ಬಾಯಿಗೆ ಬಂದದ್ದು, “ಸಾರು ಮಾಡಕ್ಕೆ ನನ್ನಷ್ಟು ನಿಮಗೆ ಬರಲ್ಲ ಬಿಡಿ” ಎಂಬ ಮಾತು. ಅತ್ತೆ ಅಳುತ್ತಲೇ ನಕ್ಕರು.

ಪೂಜೆಯಿಲ್ಲದೆ ಊಟವಿಲ್ಲ ಎಂಬುದು ನನ್ನ ಹಟ. ಲಿಂಗವನ್ನು ದಿಟ್ಟಿಸಿ ಕಣ್ಣಿಗೆ ಶ್ರಮ ಕೊಡಬಾರದು ಎಂಬುದು ಡಾಕ್ಟರ ಹಟ. ನರ್ಸಮ್ಮ ನಡುವೆ ಬಂದು, “ಕಣ್ಣು ಮುಚ್ಕೊಂಡು ಕೈಯಲ್ಲಿ ಇಟ್ಕೊಳ್ಳಿ, ನಾನು ನೀರು ಹಾಕ್ತೇನೆ” ಎಂದಳು. ದಿನಾ ಬೆಳಗ್ಗೆ ಬಂದು ನನ್ನ ರಟ್ಟೆಯ ಗಂಟು ಬಿಚ್ಚಿ, ಲಿಂಗವನ್ನು ಅಂಗೈಗೆ ಇಡುವ ಕೆಲಸ ಅತ್ತೆಗೆ ಬಿಟ್ಟು, ತಾನು ಬೊಗಸೆಯಲ್ಲಿ ನಾಲ್ಕು ಹನಿ ನೀರು ಹಾಕಿ ಹೋಗುತ್ತಿದ್ದಳು. ಅವಳ ಕೊರಳಿನ ಸಣ್ಣ ಶಿಲುಬೆ ಬಗ್ಗಿದಾಗ ನನ್ನ ಕೈಗೆ ತಾಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಮಾಡಿದ ಆ ಪೂಜೆಯಲ್ಲಿ ಬೆಳಕೂ ಇರಲಿಲ್ಲ, ಲಿಂಗವೂ ಕಾಣುತ್ತಿರಲಿಲ್ಲ, ಅಂಗೈಯ ಮೇಲೊಂದು ತಣ್ಣನೆಯ ಭಾರ ಮಾತ್ರ ಇತ್ತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಾನು ಆ ದಿನಗಳನ್ನು ದಾಟಿದೆ. ಹಾಲಿನ ಯೋಚನೆ ಒಮ್ಮೆಯೂ ಬರಲಿಲ್ಲ.

ಪಾದರಸ ದಿನದಿನಕ್ಕೆ ಇಳಿಯಿತು. ಇಳಿದಾಗಲೆಲ್ಲ ಡಾಕ್ಟರು “ಹ್ಞೂಂ” ಎನ್ನುತ್ತಿದ್ದರು. ಆ “ಹ್ಞೂಂ” ಕೇಳಲು ಯಜಮಾನರು ಬಾಗಿಲ ಸಂದಿಯಲ್ಲಿ ಕಾದಿರುತ್ತಿದ್ದರು. ಅಂಗಡಿ ಮುಚ್ಚಿ ಬಂದಿದ್ದರು, ತೆಗೆಯುವ ಮಾತೇ ಆಡಲಿಲ್ಲ. ತಾಳಗುಂದದಿಂದ ಅಣ್ಣ ಬಂದು ಗಿರಿಜೆಯನ್ನು ತವರಿಗೆ ಕರೆದುಕೊಂಡು ಹೋಗಿದ್ದ. ಜಡೆ ನಮ್ಮ ಅತ್ತಿಗೆ ಹಾಕುತ್ತಿದ್ದಾಳೆ, ಬಿಗಿಯಾಗಿ ಹಾಕುತ್ತಾಳಂತೆ, ಹುಡುಗಿ ದೂರುತ್ತಾಳೆ ಎಂದು ಸುದ್ದಿ ಬಂತು. ಆ ದೂರು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದು ಹೇಳಲಾರೆ.

ಒಂದು ಬೆಳಗ್ಗೆ ಎಚ್ಚರವಾದಾಗ ಏನೋ ಬೇರೆಯಾಗಿತ್ತು. ಏನೆಂದು ಕೂಡಲೇ ಹೊಳೆಯಲಿಲ್ಲ. ಕಿಟಕಿಯ ಕಂಬಳಿಯ ಅಂಚಿನಿಂದ ಬೆಳಗಿನ ಬಿಸಿಲು ಒಂದು ಬೆರಳಗಲ ಒಳಗೆ ಬಿದ್ದಿತ್ತು. ಕಂಬಳಿಯಲ್ಲಿ ಕರಿಯ ಎಳೆ, ಬಿಳಿಯ ಎಳೆ, ಮತ್ತೆ ಕರಿಯ ಎಳೆ. ಒಂದು ಕಡೆ ಎಳೆ ಕಿತ್ತು ಜೋತಾಡುತ್ತಿತ್ತು. ನಾನು ಆ ಕಿತ್ತ ಎಳೆಯನ್ನು ನೋಡುತ್ತಾ ಮಲಗಿದ್ದೆ. ಆಮೇಲೆ ಗೊತ್ತಾಯಿತು, ನಾನು ಎಳೆ ನೋಡುತ್ತಿದ್ದೇನೆ ಎಂದು. ಕೂಗಲು ಬಾಯಿ ಬರಲಿಲ್ಲ. ಕೂಗಿದರೆ ಎಲ್ಲಿ ಮತ್ತೆ ಹೊರಟುಹೋಗುತ್ತದೋ ಎಂಬ ಭಯ. ಕಂಬಳಿಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಮೆಲ್ಲಗೆ ಕಣ್ಣು ಹರಿಸಿದೆ. ನೆಲದ ಮೇಲೆ ಚಾಪೆಯಲ್ಲಿ ಅತ್ತೆ ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಕೆನ್ನೆ ಒಳಗೆ ಹೋಗಿತ್ತು. ಸಪ್ಪೆ ಅನ್ನ ತಿಂದು ತಿಂದು ನನ್ನ ಅತ್ತೆ ಅರ್ಧ ಆಗಿದ್ದರು.

“ಅತ್ತೆ” ಎಂದೆ.

ದಡಬಡಿಸಿ ಎದ್ದು ಕೂತರು. “ಏನೇ? ತಲಿ ನೋಯ್ತದಾ?”

“ಇಲ್ಲ. ಲಿಂಗ ಕೊಡ್ರಿ.”

ನರ್ಸಮ್ಮನಿಗೆ ಕಾಯಲಿಲ್ಲ. ಅತ್ತೆ ಕೈತೊಳೆದು ಬಂದು ರಟ್ಟೆಯ ಗಂಟು ಬಿಚ್ಚಿದರು, ಲಿಂಗವನ್ನು ನನ್ನ ಅಂಗೈಯಲ್ಲಿಟ್ಟರು, ವಿಭೂತಿ ಸವರಿದರು. ನಾನು ಕಣ್ಣು ಮುಚ್ಚದೆ ಇರುವುದನ್ನು ಕಂಡು ಅವರ ಕೈ ಅಲ್ಲೇ ನಿಂತಿತು. ನನ್ನ ಕಣ್ಣನ್ನೇ ನೋಡುತ್ತಿದ್ದರು. ಕೇಳಬೇಕೆಂದಿದ್ದರು, ಕೇಳಲು ಹೆದರುತ್ತಿದ್ದರು. ಕೊನೆಗೆ ಪಿಸುಗುಟ್ಟಿದರು:

“ಬೆಳಕು?”

“ಇಲ್ಲ ಅತ್ತೆ.”

“ಒಂಚೂರೂ ಇಲ್ವಾ?”

“ಏನೂ ಇಲ್ಲ. ಕರೀ ಲಿಂಗ ಐತೆ. ಅದ್ರ ಮೇಲೆ ನೀವು ಸವರಿದ ಮೂರು ಗೆರೆ ಐತೆ, ನಡೂಕಿಂದು ಸೊಟ್ಟ. ನಿಮ್ಮ ಮೂಗುಬಟ್ಟಿಂದು ಒಂದು ಹರಳು ಬಿದ್ದೋಗೈತೆ, ಯಾವಾಗ ಬಿತ್ತು?”

ಅತ್ತೆ ಮೂಗು ಮುಟ್ಟಿ ನೋಡಿಕೊಂಡರು. ಆಮೇಲೆ ಮಂಚದ ಕೊನೆಗೆ ಹೋದರು, ಹೊದಿಕೆಯನ್ನು ಸರಿಸಿದರು, ನನ್ನ ಪಾದ ಹಿಡಿದು ಅದಕ್ಕೆ ಹಣೆ ಹಚ್ಚಿದರು.

“ಏನತ್ತೆ ಇದು!” ಎಂದು ಕಾಲು ಎಳೆದುಕೊಳ್ಳಹೋದೆ. ಬಿಡಲಿಲ್ಲ. “ಬೆಳಕು ಇಲ್ಲ ಅಂದ್ನಲ್ಲ! ಏನೂ ಕಾಣ್ಲಿಲ್ಲ, ಬರೀ ಲಿಂಗ ಕಾಣ್ತು ಅಂದ್ನಲ್ಲ!”

ಅವರು ತಲೆ ಎತ್ತಲಿಲ್ಲ.

“ಅದಕ್ಕೇ ಕಣೇ” ಎಂದರು.